ಪ್ರತಿಕ್ರಿಯೆ: ಪಕ್ಷ ಬಿಟ್ಟ ಶಾಸಕರನ್ನು ಮತದಾರರು ಇಳಿಸಬಹುದಾ?

ಚಿಹ್ನೆ ನೋಡಿ ಓಟು ಹಾಕಿದೆವು, ಗೆದ್ದ ಶಾಸಕರು ಎದುರು ಪಕ್ಷಕ್ಕೆ ಹೋದರು, ನಾವೇ ಅವರನ್ನು ಇಳಿಸಬಹುದಾ ಅಂತ ಕೇಳಿದ್ದೀರಿ. ಆಗಲ್ಲ. ಶಾಸಕರನ್ನು ಅವಧಿಯ ಮಧ್ಯೆ ವಾಪಸ್ ಕರೆಸುವ ಹಕ್ಕು ನಮ್ಮಲ್ಲಿ ಮತದಾರರಿಗೆ ಇಲ್ಲ.

ಇರುವುದು 1985ರ ಪಕ್ಷಾಂತರ ನಿಷೇಧ ಕಾನೂನು. ಅದರಲ್ಲೂ ತೀರ್ಮಾನ ಸ್ಪೀಕರ್ ಕೈಯಲ್ಲಿ. ಪಕ್ಷದ ಮೂರನೇ ಎರಡರಷ್ಟು ಶಾಸಕರು ಒಟ್ಟಿಗೆ ವಿಲೀನ ಅಂತ ಹೋದರೆ ಅದೂ ತಟ್ಟುವುದಿಲ್ಲ. ಒಬ್ಬ ಹೋದರೆ ತಪ್ಪು, ಗುಂಪಾಗಿ ಹೋದರೆ ಸರಿ!

ನಮ್ಮ ಕರ್ನಾಟಕದ 2019ರ ಕಥೆಯನ್ನೇ ನೋಡಿ. ರಾಜೀನಾಮೆ, ಗೈರುಹಾಜರಿ ಅಂತ ಕೈಕೊಟ್ಟ 17 ಶಾಸಕರನ್ನು ಸ್ಪೀಕರ್ ರಮೇಶ್ ಕುಮಾರ್ ಅನರ್ಹಗೊಳಿಸಿದರು. ವಿಧಾನಸಭೆಯ ಅವಧಿ ಮುಗಿಯುವವರೆಗೂ ನಿಲ್ಲುವಂತಿಲ್ಲ ಎಂದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಎಂದಿತು, ಆದರೆ ಚುನಾವಣೆಗೆ ನಿಲ್ಲಬಹುದು ಎಂದಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಹೆಚ್ಚಿನವರು ಹೊಸ ಚಿಹ್ನೆಯಲ್ಲಿ ಗೆದ್ದೇ ಬಂದರು. 2020ರ ಫೆಬ್ರವರಿಯಲ್ಲಿ 10 ಮಂದಿ ಮಂತ್ರಿಗಳೂ ಆದರು. ಓಟು ಹಾಕಿದ್ದು ನಾವೇ ಅಲ್ವಾ?

ಹೊಸಕೋಟೆಯವರು ಆ 17 ಮಂದಿಯಲ್ಲೊಬ್ಬರಾದ ಎಂ.ಟಿ.ಬಿ. ನಾಗರಾಜ್ ಅವರನ್ನು ಸೋಲಿಸಿದರು. ಆದರೇನು, ಅವರು ವಿಧಾನ ಪರಿಷತ್ತಿಗೆ ಹೋಗಿ 2021ರ ಜನವರಿಯಲ್ಲಿ ಮಂತ್ರಿಯಾದರು. ನಿಮ್ಮ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತೆ. ಸದ್ಯಕ್ಕೆ ಮುಂದಿನ ಚುನಾವಣೆವರೆಗೆ ಅದನ್ನು ಆರದಂತೆ ಇಟ್ಟುಕೊಳ್ಳಿ.