ಓದುಗರ ಪ್ರಶ್ನೆ: 24 ಸೂಚನೆಗಳು, ಒಂದು ವರ್ಷ

ವರ್ಷದ ಆರಂಭದಲ್ಲಿ ಒಂದು ಪಟ್ಟಿಯನ್ನು ಕೈಗೆತ್ತಿಕೊಂಡು, ಅದರ ಒಂದೊಂದು ಸೂಚನೆಗೂ (‘ಒಂದು ನಾಟಕ’, ‘ಒಂದು ಆತ್ಮಕಥೆ’ ಎಂಬಂಥವು) ಹೊಂದುವ ಒಂದೊಂದು ಪುಸ್ತಕವನ್ನು ಡಿಸೆಂಬರ್ ಕೊನೆಯೊಳಗೆ ಓದಿ ಮುಗಿಸುವ ‘ರೀಡಿಂಗ್ ಚಾಲೆಂಜ್’ ನಮ್ಮ ಓದುಗರ ನಡುವೆಯೂ ಬಳಕೆಗೆ ಬಂದಿದೆ. ಈ ಸಂಚಿಕೆಗೆ ಅದಕ್ಕೆ ಸಂಬಂಧಿಸಿದ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾವು ಐವರು ಗೆಳತಿಯರು ಜನವರಿಯಲ್ಲಿ 24 ಸೂಚನೆಗಳ ಪಟ್ಟಿಯೊಂದನ್ನು ಹಿಡಿದು ಓದಲು ಕುಳಿತೆವು. ಜೂನ್ ಮುಗಿಯುವ ಹೊತ್ತಿಗೆ ನನ್ನದು ಏಳೇ ಪುಸ್ತಕ ಆಗಿದೆ. ಪಟ್ಟಿಯನ್ನು ಪತ್ರದೊಂದಿಗೆ ಇಟ್ಟಿದ್ದೇನೆ. ಉಳಿದ ಸೂಚನೆಗಳಿಗೆ ತೆಳ್ಳಗಿನ ಪುಸ್ತಕಗಳನ್ನೇ ಹುಡುಕಿಕೊಂಡರೆ ತಪ್ಪೇ? ಒಂದೇ ಪುಸ್ತಕವನ್ನು ಎರಡು ಸೂಚನೆಗಳಿಗೆ ಲೆಕ್ಕ ಹಿಡಿಯಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಲೆಕ್ಕವನ್ನೇ ನೋಡೋಣ. ತಮಗೆ 26 ವಾರಗಳು ಉಳಿದಿವೆ, ಪುಸ್ತಕಗಳು 17. ಅಂದರೆ ಹತ್ತು ಹನ್ನೊಂದು ದಿನಕ್ಕೆ ಒಂದು. ಇನ್ನೂರು ಪುಟಗಳ ಪುಸ್ತಕವಾದರೆ ದಿನಕ್ಕೆ ಇಪ್ಪತ್ತು ಪುಟ ಸಾಕು. ರಾತ್ರಿ ಊಟದ ಪಾತ್ರೆ ತೊಳೆದಿಟ್ಟ ಮೇಲಿನ ಅರ್ಧ ಗಂಟೆಯಲ್ಲಿ ಇಷ್ಟನ್ನು ಓದಬಹುದು. ‘ದಪ್ಪ ಕಾದಂಬರಿ’ ಎಂಬ ಸೂಚನೆಗೆ ತಾವು ಗುರುತು ಹಾಕಿಕೊಂಡಿರುವ ‘ಮಲೆಗಳಲ್ಲಿ ಮದುಮಗಳು’ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೆ ದಸರಾ ರಜೆಯನ್ನೇ ತೆಗೆದಿಡಿ, ಆತುರಪಟ್ಟರೆ ಆ ಮಲೆನಾಡಿನ ಮಳೆ ಮೈಗೆ ತಾಗುವುದಿಲ್ಲ.

ತೆಳ್ಳಗಿನ ಪುಸ್ತಕವನ್ನು ಆರಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ತೆಳ್ಳಗಿದೆ ಎಂದ ಮಾತ್ರಕ್ಕೆ ಬೇಗ ಮುಗಿಯುತ್ತದೆ ಎಂದು ನಂಬಬೇಡಿ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಒಂದು ಭಾನುವಾರದಲ್ಲಿ ಮುಗಿದೀತು. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯೂ ಕೈಯಲ್ಲಿ ಹಗುರವೇ, ಆದರೆ ಮೊದಲ ಸಲ ಅದು ನನ್ನನ್ನು ಮೂರು ವಾರ ಹಿಡಿದುಕೊಂಡಿತ್ತು. ನಾನು ಬೆಳೆದ ಊರಿನ ಕನ್ನಡ ಬೇರೆ, ಅದರ ನಂಜನಗೂಡು ಸೀಮೆಯ ಕನ್ನಡ ಬೇರೆ. ಕಣ್ಣಿನಲ್ಲಿ ಓದಿದಾಗ ಸಾಲುಗಳು ಬಾಗಿಲು ಹಾಕಿಕೊಂಡೇ ನಿಲ್ಲುತ್ತಿದ್ದವು. ಆ ಕಡೆಯವರಾದ ಸಹೋದ್ಯೋಗಿಯೊಬ್ಬರು ಮಧ್ಯಾಹ್ನದ ಬಿಡುವಿನಲ್ಲಿ ಪುಸ್ತಕವನ್ನು ಕೈಯಿಂದ ತೆಗೆದುಕೊಂಡು, ದೀಪಗಳ ಜೀವಗಳಾದ ಜೋತಮ್ಮಗಳು ಸೇರಿ ಮಾತನಾಡಿಕೊಳ್ಳುವ ಭಾಗವನ್ನು ಗಟ್ಟಿಯಾಗಿ ಓದಿದರು. ಓದುತ್ತ ಓದುತ್ತ ತಾವೇ ನಕ್ಕರು. ಅಲ್ಲಿಂದ ಮುಂದೆ ನಾನೂ ಅದನ್ನು ಬಾಯಿಬಿಟ್ಟು ಓದಿದೆ, ಆಗ ತಿಳಿಯಿತು. ಅಂಥ ಪುಸ್ತಕವನ್ನು ‘ಬೇಗ ಮುಗಿಯುವವು’ ಎಂಬ ಸಾಲಿನಲ್ಲಿ ಇಟ್ಟುಕೊಂಡರೆ ಪುಸ್ತಕಕ್ಕೂ ಅನ್ಯಾಯ, ತಮ್ಮ ವೇಳಾಪಟ್ಟಿಗೂ ಪೆಟ್ಟು.

ಇನ್ನು ತಮ್ಮ ಪಟ್ಟಿ. ಅದನ್ನು ಎರಡು ಸಲ ನೋಡಿದೆ. ಟಿಕ್ ಮಾಡಿರುವ ಏಳೂ ಕಾದಂಬರಿಗಳೇ. ಟಿಕ್ ಇಲ್ಲದವುಗಳಲ್ಲಿ ನಾಟಕ, ಕವನ ಸಂಕಲನ, ಪ್ರವಾಸ ಕಥನ, ಆತ್ಮಕಥೆ, ವಿಜ್ಞಾನ ಎಲ್ಲವೂ ಸಾಲಾಗಿ ನಿಂತಿವೆ. ತಾವು ಹಿಂದೆ ಬಿದ್ದಿರುವುದು ಸಮಯವಿಲ್ಲದ್ದರಿಂದ ಎಂದು ನನಗೆ ತೋರುವುದಿಲ್ಲ. ರುಚಿ ಗೊತ್ತಿಲ್ಲದ ಪದಾರ್ಥವನ್ನು ಎಲೆಯ ತುದಿಗೆ ಸರಿಸಿಟ್ಟಂತೆ ಆ ಸೂಚನೆಗಳನ್ನು ಸರಿಸಿಟ್ಟಿದ್ದೀರಿ. ಹಾಗೆ ಸರಿಸಿಟ್ಟವುಗಳಲ್ಲಿ ಕೆಲವು ಅತಿ ಕಡಿಮೆ ಹೊತ್ತು ಕೇಳುವಂಥವು. ಗಿರೀಶ ಕಾರ್ನಾಡರ ‘ತುಘಲಕ್’ಗೆ ಎರಡು ಸಂಜೆ ಬೇಕು. ಕವನ ಸಂಕಲನವನ್ನು ದಿನಕ್ಕೆ ಮೂರು ಪದ್ಯಗಳಂತೆ ಬೇರೆ ಪುಸ್ತಕದ ಜೊತೆಜೊತೆಗೇ ಓದಬಹುದು.

ನಾನೂ ಇದೇ ತಪ್ಪು ಮಾಡಿದವನು. ಹಿಂದೊಂದು ವರ್ಷ ‘ವಿಜ್ಞಾನದ ಪುಸ್ತಕ’ ಎಂಬ ಸೂಚನೆಯನ್ನು ಡಿಸೆಂಬರ್‌ವರೆಗೆ ತಳ್ಳಿಕೊಂಡು ಬಂದೆ. ಕೊನೆಗೆ ಬೇರೆ ದಾರಿಯಿಲ್ಲದೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ತೆಗೆದೆ. ಸಸ್ಯಶಾಸ್ತ್ರದ ಮೇಷ್ಟರೊಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡಮರ ಹುಡುಕುತ್ತ ಕಾಡು ತಿರುಗುವ ಆ ಪುಸ್ತಕ ಇಷ್ಟು ನಗಿಸೀತೆಂದು ನಾನು ಎಣಿಸಿರಲಿಲ್ಲ. ಅದನ್ನು ಮುಗಿಸಿದ ಮೇಲೆ ಹಿತ್ತಿಲಿನ ಬಸಳೆಯ ಎಲೆಯನ್ನು ಮಗುಚಿ ನೋಡುವ ಚಾಳಿ ಅಂಟಿಕೊಂಡಿತು, ಇನ್ನೂ ಬಿಟ್ಟಿಲ್ಲ. ಪಟ್ಟಿಯೊಂದು ನನಗೆ ಏನಾದರೂ ಕೊಟ್ಟಿದ್ದರೆ ಇಂಥದನ್ನು; ಕಾದಂಬರಿಗಳನ್ನು ನಾನು ಪಟ್ಟಿಯಿಲ್ಲದೆಯೂ ಓದುತ್ತಿದ್ದೆ.

ಆದ್ದರಿಂದ ತಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಎರಡು ಮೂರು ಸಲ ಬೇಕಾದರೆ ಒಂದೇ ಪುಸ್ತಕವನ್ನು ಎರಡು ಕಡೆ ಲೆಕ್ಕ ಹಿಡಿಯಿರಿ, ಯಾರೂ ಆಡಿಟ್ ಮಾಡುವುದಿಲ್ಲ. ಆದರೆ ತಾವು ತಪ್ಪಿಸಿಕೊಂಡು ಓಡಾಡುತ್ತಿರುವ ಸೂಚನೆಯನ್ನು ಮುಚ್ಚಿಹಾಕಲು ಮಾತ್ರ ಈ ಉಪಾಯವನ್ನು ಬಳಸಬೇಡಿ. ಜುಲೈ ಒಂದರಂದು ನಾಟಕದಿಂದಲೇ ಆರಂಭಿಸಿ. ಡಿಸೆಂಬರ್‌ನಲ್ಲಿ ಹದಿನೆಂಟಕ್ಕೆ ನಿಂತರೂ ಆ ಹದಿನೆಂಟರಲ್ಲಿ ಅರ್ಧದಷ್ಟಾದರೂ ತಾವು ತಾವಾಗಿಯೇ ಎಂದೂ ಮುಟ್ಟದ ಪುಸ್ತಕಗಳಾಗಿರಲಿ.

ಪ್ರಶ್ನೆ: ‘ನೀವು ಹುಟ್ಟಿದ ವರ್ಷ ಪ್ರಕಟವಾದ ಪುಸ್ತಕ’ ಎಂಬ ಸೂಚನೆಯಲ್ಲಿ ಸಿಕ್ಕಿಬಿದ್ದಿದ್ದೇನೆ. ನಾನು 1968ರಲ್ಲಿ ಹುಟ್ಟಿದವನು. ಅಂಗಡಿಯಲ್ಲಿ ಯಾವ ಪುಸ್ತಕ ತೆರೆದರೂ ಇತ್ತೀಚಿನ ಇಸವಿಯೇ ಕಾಣುತ್ತದೆ.
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ತಾವು ನೋಡಿರುವುದು ಮರುಮುದ್ರಣದ ಇಸವಿಯಾಗಿರಬೇಕು. ಶೀರ್ಷಿಕೆಯ ಪುಟವನ್ನು ಮಗುಚಿದರೆ ಸಣ್ಣ ಅಕ್ಷರದಲ್ಲಿ ‘ಮೊದಲ ಮುದ್ರಣ’ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಲೆಕ್ಕಕ್ಕೆ ಬರುವುದು ಅದು. ಕೈಗೆ ಸಿಕ್ಕ ಪ್ರತಿ ಹತ್ತನೆಯ ಮುದ್ರಣವಾದರೂ ಅಡ್ಡಿಯಿಲ್ಲ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಆಮೇಲೆ ಪುಸ್ತಕವಾದವುಗಳಲ್ಲಿ ಎರಡು ಇಸವಿಗಳು ಇರಬಹುದು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಹಾಗೆ ‘ಲಂಕೇಶ್ ಪತ್ರಿಕೆ’ಯಲ್ಲಿ ಮೊದಲು ಬಂದದ್ದು. ಸೂಚನೆಯಲ್ಲಿ ‘ಪುಸ್ತಕ’ ಎಂದಿರುವುದರಿಂದ ಪುಸ್ತಕವಾದ ವರ್ಷವನ್ನೇ ಹಿಡಿಯುವುದು ಸರಿ.

ತಮ್ಮ ಅದೃಷ್ಟ ದೊಡ್ಡದು. 1968 ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಬಂದ ವರ್ಷ. ಹಳೆಯ ವಸ್ತುವೊಂದು ಕೈಗೆ ಬಂದರೆ ಅದರ ಹಿಂದಿನ ಕಾಲವೆಲ್ಲ ಕಣ್ಣಮುಂದೆ ಬರುವ ಆ ಅಜ್ಜಿಯನ್ನು ತಾವು ಪಠ್ಯದ ತುಣುಕಿನಲ್ಲಿ ಎಂದೋ ನೋಡಿರಬಹುದು, ಈಗ ಇಡಿಯಾಗಿ ಓದಿ. ಇದೇ ಸೂಚನೆಯನ್ನು ಹಿಡಿದಿರುವ ಬೇರೆಯವರಿಗೂ ಒಂದೆರಡು ಹೇಳಿಬಿಡುತ್ತೇನೆ: 1965ರಲ್ಲಿ ಹುಟ್ಟಿದವರಿಗೆ ‘ಸಂಸ್ಕಾರ’ ಇದೆ, 1979ರವರಿಗೆ ‘ಪರ್ವ’, 1980ರವರಿಗೆ ‘ಕರ್ವಾಲೊ’.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿನ ಸಹೋದ್ಯೋಗಿಗಳೊಂದಿಗೆ ಒಂದು ಇಂಗ್ಲಿಷ್ ಪಟ್ಟಿಯನ್ನು ಅನುಸರಿಸುತ್ತಿದ್ದೇನೆ. ‘ಅನುವಾದಿತ ಕೃತಿ’ ಎಂಬ ಸೂಚನೆಗೆ ಎಲ್ಲರೂ ‘ಹಾರ್ಟ್ ಲ್ಯಾಂಪ್’ ಓದುತ್ತಿದ್ದಾರೆ. ಕನ್ನಡ ಬಲ್ಲ ನಾನೂ ಅದನ್ನೇ ಇಂಗ್ಲಿಷಿನಲ್ಲಿ ಓದಿದರೆ ಲೆಕ್ಕಕ್ಕೆ ಬರುತ್ತದೆಯೇ?
— ಓದುಗರೊಬ್ಬರು, ಅಮೆರಿಕ

ಉತ್ತರ: ನಿಯಮದ ಪ್ರಕಾರ ಬರುತ್ತದೆ. ಬಾನು ಮುಷ್ತಾಕ್ ಅವರ 12 ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದು, 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಸಂಕಲನ ಅದು; ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಆದರೆ ಈ ಸೂಚನೆಯನ್ನು ಪಟ್ಟಿಗೆ ಸೇರಿಸಿದವರ ಉದ್ದೇಶ ನಮಗೆ ತಿಳಿಯದ ಭಾಷೆಯವರ ಮನೆಯೊಳಗೆ ನಮ್ಮನ್ನು ಕರೆದೊಯ್ಯುವುದು. ತಮ್ಮ ಸಹೋದ್ಯೋಗಿಗಳಿಗೆ ಆ ಪುಸ್ತಕ ಅದನ್ನು ಮಾಡುತ್ತದೆ, ತಮಗೆ ಅದು ತಮ್ಮ ಮನೆಯನ್ನೇ ಬೇರೆ ಬಾಗಿಲಿನಿಂದ ಹೊಕ್ಕಂತೆ. ಹಾಗೆ ಹೊಗುವುದೂ ಸ್ವಾರಸ್ಯವೇ. ಒಂದು ಕಥೆಯನ್ನಾದರೂ ಕನ್ನಡ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಓದಿ, ಮಾತಿನ ಯಾವ ತಿರುವು ಇಂಗ್ಲಿಷಿಗೆ ದಾಟಿತು, ಯಾವುದು ದಾಟಲಿಲ್ಲ ಎಂಬುದನ್ನು ಸಹೋದ್ಯೋಗಿಗಳಿಗೆ ಹೇಳಬಲ್ಲವರು ಆ ಗುಂಪಿನಲ್ಲಿ ತಾವೊಬ್ಬರೇ.

ಸೂಚನೆಗೆ ಮಾತ್ರ ಬೇರೆಯದನ್ನು ಆರಿಸಿ ಎಂಬುದು ನನ್ನ ಅಭಿಪ್ರಾಯ. ಕನ್ನಡದಲ್ಲಿಯೇ ಓದುವ ಮನಸ್ಸಿದ್ದರೆ ನಿರಂಜನರ ಸಂಪಾದಕತ್ವದಲ್ಲಿ ನವಕರ್ನಾಟಕ ಪ್ರಕಟಿಸಿದ ‘ವಿಶ್ವ ಕಥಾಕೋಶ’ದ 25 ಸಂಪುಟಗಳಲ್ಲಿ ಯಾವುದಾದರೊಂದನ್ನು ಊರಿಗೆ ಬಂದಾಗ ಕೊಂಡೊಯ್ಯಿರಿ. ತಾವು ಎಂದೂ ಹೋಗದ ದೇಶದ ಸಂಪುಟವನ್ನು ಆರಿಸಿ.

ಪ್ರಶ್ನೆ: ಆಡಿಯೊ ಪುಸ್ತಕವನ್ನು ಕೇಳಿದರೆ ಓದಿದಂತೆ ಆಗುತ್ತದೆಯೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಆಗುತ್ತದೆ. ಗಮಕಿಗಳ ವಾಚನದಲ್ಲಿ ಕುಮಾರವ್ಯಾಸ ಭಾರತವನ್ನು ಕೇಳಿಯೇ ಅರಿತ ಜನ ನಾವು. ಬಸ್ಸಿನಲ್ಲಿ ನಿದ್ದೆ ಹೋದ ಅಧ್ಯಾಯವನ್ನು ಮಾತ್ರ ಮತ್ತೊಮ್ಮೆ ಕೇಳಿ ಟಿಕ್ ಹಾಕಿ.

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ಮಕ್ಕಳಿಗಾಗಿ ತಿಂಗಳಿಗೊಂದರಂತೆ 12 ಸೂಚನೆಗಳ ಪಟ್ಟಿ ಮಾಡಬೇಕೆಂದಿದ್ದೇನೆ. ಇಂಗ್ಲಿಷಿನ ಒಂದು ಪಟ್ಟಿಯನ್ನು ಕನ್ನಡಕ್ಕೆ ತಂದುಕೊಂಡರೆ ಸಾಕೇ? ಪುಸ್ತಕಗಳಿಗೆ ಶಾಲೆಯ ಕಪಾಟು ಮತ್ತು ಊರಿನ ಗ್ರಂಥಾಲಯವೇ ಗತಿ.
— ಓದುಗರೊಬ್ಬರು, ತಿಪಟೂರು ತಾಲ್ಲೂಕು

ಉತ್ತರ: ತರಬೇಡಿ ಮೇಡಂ. ಆ ಪಟ್ಟಿಗಳಲ್ಲಿ ಮೇಲಿಂದ ಮೇಲೆ ಬರುವ ‘ನೀಲಿ ಮುಖಪುಟದ ಪುಸ್ತಕ’ ಎಂಬ ಸೂಚನೆಯನ್ನೇ ತೆಗೆದುಕೊಳ್ಳಿ. ನಾನು ಬೆಳೆದ ಊರಿನ ಗ್ರಂಥಾಲಯದಲ್ಲಿ ಮುಖಪುಟವೆಂಬುದೇ ಇರಲಿಲ್ಲ. ಹರಿದ ಪುಸ್ತಕಗಳೆಲ್ಲ ಒಂದೇ ಕಂದು ಬಣ್ಣದ ರಟ್ಟು ಕಟ್ಟಿಸಿಕೊಂಡು, ಬೆನ್ನಿನ ಮೇಲೆ ಬಿಳಿ ಶಾಯಿಯ ಸಂಖ್ಯೆ ಹೊತ್ತು ನಿಂತಿರುತ್ತಿದ್ದವು. ತ್ರಿವೇಣಿಯವರ ಕಾದಂಬರಿಗೂ ಕೃಷಿ ಕೈಪಿಡಿಗೂ ಹೊರಗಿನಿಂದ ವ್ಯತ್ಯಾಸವಿರಲಿಲ್ಲ. ಅಂಗಡಿಗೆ ಹೋಗಿ ಕೊಳ್ಳುವವರಿಗಾಗಿ ಮಾಡಿದ ಸೂಚನೆ ಕಪಾಟಿನ ಮುಂದೆ ನಿಂತ ಮಗುವಿಗೆ ನಡೆಯುವುದಿಲ್ಲ. ನನಗಂತೂ ಬಣ್ಣದ ಸೂಚನೆ ಎಲ್ಲಿ ಕಂಡರೂ ಸೋಮಾರಿತನವೆಂದೇ ತೋರುತ್ತದೆ.

ಮಕ್ಕಳನ್ನು ಮಾತನಾಡಿಸುವಂಥ ಸೂಚನೆಗಳನ್ನು ಮಾಡಿ. ‘ಮನೆಯ ಹಿರಿಯರೊಬ್ಬರು ಓದಿ ಮೆಚ್ಚಿದ ಪುಸ್ತಕ’ ಎಂದರೆ ಮಗು ಅಜ್ಜಿಯನ್ನು ಕೇಳಲೇಬೇಕು. ಅಜ್ಜಿಗೆ ಓದು ಬಾರದಿದ್ದರೆ ಅವರು ಹೇಳಿದ ಕಥೆಯನ್ನು ಬರೆದು ತಂದರೂ ಒಪ್ಪಿಕೊಳ್ಳಿ. ‘ಹೆಸರಿನಲ್ಲಿ ನದಿ ಇರುವ ಪುಸ್ತಕ’ ಎಂದರೆ ದೊಡ್ಡ ಮಕ್ಕಳು ಎಂ.ಕೆ. ಇಂದಿರಾ ಅವರ ‘ತುಂಗಭದ್ರಾ’ವರೆಗೂ ಹೋದಾರು. ‘ಪ್ರಾಣಿಯೊಂದನ್ನು ಹುಡುಕಿಕೊಂಡು ಹೋಗುವ ಕಥೆ’ ಎಂದರೆ ಹಾರುವ ಓತಿಯ ಬೆನ್ನು ಹತ್ತುವ ‘ಕರ್ವಾಲೊ’ ಒಂಬತ್ತು ಹತ್ತನೆಯ ತರಗತಿಯವರಿಗೆ ಚೆನ್ನಾಗಿ ಹಿಡಿಸುತ್ತದೆ. ‘ನಮ್ಮ ಜಿಲ್ಲೆಯದಲ್ಲದ ಕನ್ನಡ ಇರುವ ಪುಸ್ತಕ’ವೂ ಇರಲಿ. ಒಂದು ಸೂಚನೆಯನ್ನು ಮಕ್ಕಳೇ ಬರೆಯಲಿ.

ಶಾಲೆಯ ವರ್ಷ ಜೂನ್‌ನಿಂದ ಮಾರ್ಚ್‌ವರೆಗೆ ಹತ್ತೇ ತಿಂಗಳು, ಅದರಲ್ಲಿ ಪರೀಕ್ಷೆಯ ತಿಂಗಳು ಯಾರೂ ಓದುವುದಿಲ್ಲ. ಆದ್ದರಿಂದ ಒಂಬತ್ತು ಸೂಚನೆಗಳನ್ನು ಶಾಲೆಗೂ ಮೂರನ್ನು ಬೇಸಗೆ ರಜೆಗೂ ಇಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗಿನ ಹೆಸರಿನಲ್ಲಿ ‘ಅರಿವು ಕೇಂದ್ರ’, ತಮ್ಮ ಊರಿನಲ್ಲಿದ್ದರೆ ಪಟ್ಟಿ ಬರೆಯುವ ಮುನ್ನವೇ ಒಂದು ಮಧ್ಯಾಹ್ನ ಅಲ್ಲಿ ಕುಳಿತು ಕಪಾಟನ್ನು ನೋಡಿ ಬನ್ನಿ. ಪ್ರತಿ ಸೂಚನೆಗೂ ಹೊಂದುವ ಹತ್ತು ಪುಸ್ತಕಗಳಾದರೂ ಅಲ್ಲಿ ಇವೆಯೇ ಎಂದು ಎಣಿಸಿಕೊಳ್ಳಿ. ಒಂದೇ ಪುಸ್ತಕಕ್ಕೆ ಹೊಂದುವ ಸೂಚನೆಯನ್ನು ಬರೆದಿರೋ, ನಲವತ್ತು ಮಕ್ಕಳು ಒಂದು ಪ್ರತಿಗಾಗಿ ಸಾಲು ನಿಲ್ಲಬೇಕಾಗುತ್ತದೆ.