ಹೊಸ ಪಿಸ್ತೂಲಿನ ಕುದುರೆಯನ್ನು ಹೆಬ್ಬೆರಳಲ್ಲಿ ಇಳಿಸಬೇಡಿ

ಹೊಸ .32 ಪಿಸ್ತೂಲಿನ ಡಿಕಾಕರ್ (ಎತ್ತಿ ನಿಂತ ಕುದುರೆಯನ್ನು ಇಳಿಸುವ ಲಿವರ್) ಒತ್ತಿದರೆ ಕುದುರೆ, ಅಂದರೆ ಬಡಿದು ಈಡು ಹಾರಿಸುವ ಹಿಂದಿನ ಸುತ್ತಿಗೆ, ಠಪ್ ಅಂತ ಬೀಳುತ್ತೆ, ಎದೆ ಝಲ್ ಅನ್ನುತ್ತೆ, ಅದರ ಬದಲು ಹೆಬ್ಬೆರಳಲ್ಲಿ ಹಿಡಿದು ಮೆಲ್ಲಗೆ ಇಳಿಸಿದರೆ ಒಳ್ಳೆಯದಲ್ವಾ ಅಂತ ಕೇಳಿದ್ದೀರಿ. ಮೊದಲ ಈಡಿಗೆ ಟ್ರಿಗರ್ ಗಟ್ಟಿ ಅಂತ ಸ್ಪ್ರಿಂಗ್ ಬದಲಿಸುವ ಯೋಚನೆಯೂ ನಿಮಗಿದೆ. ನಾನೂ ಮೆಲ್ಲಗೆ ಇಳಿಸಿದವನೇ. ನಮ್ಮ ಜಗುಲಿಯ ಹಲಸಿನ ಕಂಬದಲ್ಲಿ ಹುರಿಗಡಲೆ ಗಾತ್ರದ ಒಂದು ತೂತು ಇವತ್ತಿಗೂ ಇದೆ.

ನಮ್ಮದು ತೀರ್ಥಹಳ್ಳಿ ಕಡೆ, ಅಡಿಕೆ ತೋಟ. ಬೆಳೆ ಕಾಯೋಕೆ ಅಂತ ಅಜ್ಜನ ಹೆಸರಲ್ಲಿ ಲೈಸೆನ್ಸ್ ಇದ್ದ ಕೇಪಿನ ಕೋವಿ ಮನೆಯಲ್ಲಿತ್ತು. ಮಸಿ (ಕೋವಿಯ ಮದ್ದು) ತುಂಬಿ, ಬಡಿದರೆ ಕಿಡಿ ಹಾರುವ ಕೇಪು ಇಟ್ಟು, ಕುದುರೆ ಎಳೆದು ಕೂರುವುದು. ಹಂದಿ ಬರದಿದ್ದರೆ ಅಜ್ಜ ಹೆಬ್ಬೆರಳಲ್ಲಿ ಕುದುರೆ ಹಿಡಿದು ಇಳಿಸಿ, ಕೇಪು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಹುಡುಗನಾಗಿದ್ದಾಗ ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮುಂದೆ ಅಡಿಕೆ ಮಾರಿದ ದುಡ್ಡು ಹಿಡಿದು ಕಾಡುದಾರಿಯಲ್ಲಿ ಒಬ್ಬನೇ ಬರುವ ಪರಿಸ್ಥಿತಿ ಬಂತು. ಅರ್ಜಿ ಹಾಕಿ .32 ಪಿಸ್ತೂಲ್ ತಗೊಂಡೆ. 9 ಎಂಎಂ ನಮ್ಮಂಥವರಿಗೆ ಸಿಗುವುದಿಲ್ಲ, ಅದು ನಿಷೇಧಿತ ಬೋರು, ಅಂದರೆ ಕೊಳವೆಯ ಅಳತೆ. ಅಂಗಡಿಯವರು ಡಿಕಾಕರ್ ತೋರಿಸಿದರು, ಕೈಪಿಡಿಯನ್ನೂ ಕೊಟ್ಟರು. ಕೈಪಿಡಿ ಪೆಟ್ಟಿಗೆಯಲ್ಲೇ ಉಳಿಯಿತು. ಕೋವಿ ಗೊತ್ತಿದ್ದವನಿಗೆ ಇದೇನು ಅಂದುಕೊಂಡಿದ್ದೆ.

2021ರ ಆರಿದ್ರಾ ಮಳೆ. ಕರೆಂಟ್ ಇಲ್ಲ. ರಾತ್ರಿ ಕೊಟ್ಟಿಗೆ ಕಡೆ ನಾಯಿ ಒಂದೇ ಸಮ ಬೊಗಳಿತು. ಪಿಸ್ತೂಲಿನ ಸ್ಲೈಡ್, ಅಂದರೆ ಮೇಲಿನ ಜಾರುವ ಭಾಗ, ಎಳೆದು ಬಿಟ್ಟೆ. ತೋಟೆ ಕೊಳವೆಯ ಹಿಂದಿನ ಗೂಡಿಗೆ, ಅಂದರೆ ಚೇಂಬರಿಗೆ ಹೋಯಿತು, ಕುದುರೆ ಹಿಂದಕ್ಕೆ ನಿಂತಿತು. ಹೊರಗೆ ಹೋಗಿ ನೋಡಿದರೆ ಏನೂ ಇಲ್ಲ. ನೆನೆದುಕೊಂಡು ಜಗುಲಿಗೆ ಬಂದೆ. ಅಮ್ಮ ಟಾರ್ಚ್ ಹಿಡಿದು ನಿಂತಿದ್ದರು. ಅಜ್ಜನ ಹಾಗೇ ಹೆಬ್ಬೆರಳನ್ನು ಕುದುರೆ ಮೇಲಿಟ್ಟು ಟ್ರಿಗರ್ ಒತ್ತಿದೆ. ಒದ್ದೆ ಹೆಬ್ಬೆರಳು ಜಾರಿತು.

ಗುಂಡು ಕಂಬಕ್ಕೆ ಹೊಕ್ಕಿತು. ಕಂಬದಿಂದ ಒಂದು ಮೊಳ ಆಚೆ ಅಮ್ಮ. "ಏನಾಯ್ತೋ ಅಪ್ಪೀ" ಅಂದರು. ಅವರ ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ.

ಹೆಬ್ಬೆರಳು ಜಾರಿದ್ದೇ ತಪ್ಪು ಅಂತ ತುಂಬಾ ದಿನ ಅಂದುಕೊಂಡಿದ್ದೆ. ಅಲ್ಲ. ಒದ್ದೆ ಕೈ ಜಾರುವುದು ಸಹಜ. ತಪ್ಪಿದ್ದದ್ದು ತೋರುಬೆರಳಿನಲ್ಲಿ. ಕುದುರೆ ಕೆಳಗೆ ಬರುವವರೆಗೂ ನಾನು ಟ್ರಿಗರ್ ಒತ್ತಿಯೇ ಹಿಡಿದಿದ್ದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ. ಇವತ್ತಿನ ಹೆಚ್ಚಿನ ಪಿಸ್ತೂಲುಗಳಲ್ಲಿ ಫೈರಿಂಗ್ ಪಿನ್ನಿಗೆ, ಅಂದರೆ ತೋಟೆಗೆ ಬಡಿದು ಅದನ್ನು ಸಿಡಿಸುವ ಕಡ್ಡಿಗೆ, ಒಂದು ತಡೆ ಇರುತ್ತದೆ. ಕುದುರೆ ಎಷ್ಟೇ ಜೋರಾಗಿ ಬಡಿದರೂ ಪಿನ್ ಮುಂದೆ ಹೋಗದ ಹಾಗೆ ಅದು ಹಿಡಿದಿರುತ್ತದೆ. ಟ್ರಿಗರನ್ನು ಪೂರ್ತಿ ಒತ್ತಿದಾಗ ಮಾತ್ರ ಆ ತಡೆ ಸರಿಯುತ್ತದೆ. ಹೆಬ್ಬೆರಳಲ್ಲಿ ಕುದುರೆ ಇಳಿಸಬೇಕಾದರೆ ಟ್ರಿಗರ್ ಒತ್ತಲೇಬೇಕು ಅಲ್ವಾ? ಅಂದರೆ ಗುಂಡನ್ನು ತಡೆಯುವ ಬಾಗಿಲನ್ನು ನೀವೇ ತೆಗೆದು ಹಿಡಿದು, ಒಂದು ಹೆಬ್ಬೆರಳನ್ನು ಅಡ್ಡ ಇಟ್ಟ ಹಾಗಾಯಿತು. ಕುದುರೆ ಒಂದು ಎಳೆ ಮುಂದೆ ಬಂದ ಕೂಡಲೇ ತೋರುಬೆರಳು ತೆಗೆದಿದ್ದರೆ ತಡೆ ವಾಪಸ್ ಕೂರುತ್ತಿತ್ತು. ಕುದುರೆ ಜಾರಿದರೂ ಅರ್ಧ ದಾರಿಯಲ್ಲಿ ಅದನ್ನು ಹಿಡಿಯುವ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಜ್ಜ ಮಾಡುತ್ತಿದ್ದದ್ದು ಅದೇ, ಕುದುರೆ ಅಲುಗಿದ ಕೂಡಲೇ ಅವರ ತೋರುಬೆರಳು ಹೊರಗೆ ಬರುತ್ತಿತ್ತು. ನಾನು ಅವರ ಹೆಬ್ಬೆರಳನ್ನು ಮಾತ್ರ ನೋಡಿದ್ದೆ.

ಡಿಕಾಕರ್ ಒತ್ತಿದಾಗ ಟ್ರಿಗರ್ ಮುಟ್ಟುವ ಕೆಲಸವೇ ಇಲ್ಲ. ಪಿನ್ನಿನ ತಡೆ ಹಾಗೇ ಕೂತಿರುತ್ತದೆ, ಕೆಲವು ಮಾದರಿಗಳಲ್ಲಿ ಲಿವರೇ ಪಿನ್ನನ್ನು ಮುಚ್ಚಿ ಆಮೇಲೆ ಕುದುರೆ ಬೀಳಿಸುತ್ತದೆ. ಹಾಗಾಗಿ ಆ ಠಪ್ ಸದ್ದಿಗೆ ಹೆದರಬೇಡಿ. ಯಾವುದು ಮೆಲ್ಲಗೆ ಅಂತ ನೋಡುತ್ತಿದ್ದೀರಿ. ನೋಡಬೇಕಾದ್ದು ಆ ಹೊತ್ತಲ್ಲಿ ತೋರುಬೆರಳು ಎಲ್ಲಿದೆ ಅಂತ, ಕೊಳವೆಯ ಬಾಯಿ ಯಾವ ಕಡೆ ಇದೆ ಅಂತ. ಡಿಕಾಕರ್ ಒತ್ತುವಾಗಲೂ ಬಾಯಿ ಜನ ಇಲ್ಲದ ಕಡೆ, ಮೆತ್ತನೆ ಮಣ್ಣಿನ ಕಡೆ ಇರಲಿ. ಯಾಕೆಂದರೆ ಯಂತ್ರ ಸವೆಯುತ್ತದೆ.

ಲಿವರ್ ಎಲ್ಲದರಲ್ಲೂ ಒಂದೇ ಥರ ಇರಲ್ಲ. 1929ರಲ್ಲಿ ಬಂದ ವಾಲ್ಥರ್ ಪಿಪಿ ಮಾದರಿಯಲ್ಲಿ ಅದು ಸ್ಲೈಡಿನ ಮೇಲಿರುತ್ತದೆ, ಕೆಳಗೆ ಒತ್ತಿದರೆ ಅಲ್ಲೇ ನಿಂತು ಸೇಫ್ಟಿಯೂ ಆಗುತ್ತದೆ. ಸಿಗ್ ಪಿ220 ಮಾದರಿಯಲ್ಲಿ ಅದು ಹಿಡಿಯ ಪಕ್ಕ ಇದ್ದು, ಬಿಟ್ಟ ಕೂಡಲೇ ಮೇಲೆ ಬರುತ್ತದೆ. ಅಲ್ಲಿ ಬೇರೆ ಸೇಫ್ಟಿ ಇಲ್ಲ, ಟ್ರಿಗರ್ ಒತ್ತಿದರೆ ಹಾರುತ್ತದೆ. ನಿಮ್ಮದು ಯಾವುದು ಅಂತ ಕೈಪಿಡಿ ತೆಗೆದು ನೋಡಿ.

ಇನ್ನು ಟ್ರಿಗರ್. ಕುದುರೆ ಕೆಳಗಿದ್ದಾಗ ಒಂದೇ ಒತ್ತಿಗೆ ಎರಡು ಕೆಲಸ, ಕುದುರೆ ಎತ್ತುವುದು ಮತ್ತೆ ಬಿಡುವುದು. ಅದಕ್ಕೇ ಉದ್ದ, ಅದಕ್ಕೇ ಗಟ್ಟಿ, ಸುಮಾರು 5 ಕಿಲೋ ಭಾರ. ಮೊದಲ ಈಡು ಹಾರಿದ ಮೇಲೆ ಸ್ಲೈಡ್ ಹಿಂದೆ ಹೋಗಿ ತಾನೇ ಕುದುರೆ ಎತ್ತಿಡುತ್ತದೆ. ಎರಡನೆಯದಕ್ಕೆ 2 ಕಿಲೋ ಸುತ್ತಮುತ್ತ ಸಾಕು. ಆ ಮೊದಲ ಗಟ್ಟಿತನವೇ ನಿಮ್ಮನ್ನು ಕಾಯುವುದು. ಗಾಬರಿಯಲ್ಲಿ ಬೆರಳು ತಾಗಿದ ಮಾತ್ರಕ್ಕೆ ಅದು ಹಾರಲ್ಲ. ಸ್ಪ್ರಿಂಗ್ ಮುಟ್ಟಿಸಲೇಬೇಡಿ.

ಡಿಕಾಕರ್ ಸರಿ ಇದೆಯಾ ಅಂತ ಒಂದು ಪರೀಕ್ಷೆ ಮಾಡಿ ನೋಡಿ. ಮೊದಲು ತೋಟೆ ತುಂಬುವ ಮ್ಯಾಗಜಿನ್ ತೆಗೆಯಿರಿ, ಆಮೇಲೆ ಸ್ಲೈಡ್ ಎಳೆಯಿರಿ. ಈ ಕ್ರಮ ತಿರುಗುಮುರುಗಾದರೆ ಚೇಂಬರಿನಲ್ಲಿ ತೋಟೆ ಉಳಿಯುತ್ತದೆ. ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿಯೂ ನೋಡಿ. ತೋಟೆಗಳೆಲ್ಲ ಬೇರೆ ಕೋಣೆಯಲ್ಲಿರಲಿ. ಕುದುರೆ ಎತ್ತಿ, ಬಾಯಿ ಮೇಲೆ ಮಾಡಿ, ಕೊಳವೆಯಲ್ಲಿ ಸಲೀಸಾಗಿ ಜಾರುವ ತೆಳು ಪೆನ್ಸಿಲನ್ನು ರಬ್ಬರ್ ಕೆಳಗೆ ಬರುವ ಹಾಗೆ ಬಿಡಿ. ಮುಖ ದೂರ ಇರಲಿ. ಟ್ರಿಗರ್ ಒತ್ತಿದರೆ ಪಿನ್ ಬಡಿದು ಪೆನ್ಸಿಲ್ ಎಗರುತ್ತದೆ. ಮತ್ತೆ ಕುದುರೆ ಎತ್ತಿ, ಈ ಸಲ ಡಿಕಾಕರ್ ಒತ್ತಿ. ಠಪ್ ಅನ್ನುತ್ತೆ, ಪೆನ್ಸಿಲ್ ಸ್ವಲ್ಪ ನಡುಗಬಹುದು, ಎಗರಬಾರದು. ಎಗರಿದರೆ ಆ ಪಿಸ್ತೂಲಿಗೆ ತೋಟೆ ಹಾಕದೆ ನೇರ ಡೀಲರ್ ಹತ್ತಿರ ತಗೊಂಡು ಹೋಗಿ. ಜಿಲ್ಲಾ ಪೊಲೀಸರು ನಾಗರಿಕರಿಗೆ ಕೊಡುವ ಬಂದೂಕು ತರಬೇತಿಗೂ ಹೆಸರು ಕೊಡಿ.

ಬೆಳಿಗ್ಗೆ ನಾನೇ ಠಾಣೆಗೆ ಹೋಗಿ ನಡೆದದ್ದು ಹೇಳಿದೆ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಅಜಾಗರೂಕತೆಯಿಂದ ಈಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ನನಗೆ ದಂಡದಲ್ಲಿ ಮುಗಿಯಿತು. ಲೈಸೆನ್ಸ್ ಅಮಾನತಾಯಿತು, ವಾಪಸ್ ಬೇಕು ಅಂತ ನಾನೂ ಕೇಳಲಿಲ್ಲ. ಬಲಗಿವಿಯಲ್ಲಿ ಈಗಲೂ ಜೀರುಂಡೆ ಕೂಗಿದ ಹಾಗೆ ಸದ್ದು. ಅಮ್ಮ ಸಂಜೆ ಹೊತ್ತು ಆ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದರು. ಈಗ ಒಳಗೆ ಕೂರುತ್ತಾರೆ.