ಬಿಪಿ ಇರುವವರು ಶಂಖಪ್ರಕ್ಷಾಲನ ಮಾಡಬಹುದಾ?

ಪ್ರಶ್ನೆ: ಅಕ್ಕೋರೆ, ನನಗೆ 52 ವರ್ಷ. ಅಕ್ಕಿ ಗಿರಣಿಯಲ್ಲಿ ಕೂತು ಲೆಕ್ಕ ಬರೆಯುವ ಕೆಲಸ. ಈಚೆಗೆ ಮಲಬದ್ಧತೆ ಶುರುವಾಗಿದೆ. ಬಿಪಿ ಮಾತ್ರೆಯೂ ನಡೆದಿದೆ. ಕರುಳಲ್ಲಿ ವರ್ಷಗಟ್ಟಲೆ ಕೊಳೆ ಅಂಟಿರುತ್ತೆ, ಶಂಖಪ್ರಕ್ಷಾಲನ ಮಾಡಿದರೆ ಹೋಗುತ್ತೆ ಅಂತ ಮೊಬೈಲ್‌ನಲ್ಲಿ ನೋಡಿದೆ. ಮನೆಯಲ್ಲೇ ಮಾಡಲಾ?
– ಓದುಗರೊಬ್ಬರು, ಗಂಗಾವತಿ

ಉತ್ತರ: ದಯವಿಟ್ಟು ಮಾಡಬೇಡಿ. ರಾಯಚೂರಿನ ನಮ್ಮ ಯೋಗ ತರಗತಿಗೆ ಬರುವ ಬಿಪಿಯವರಿಗೂ ಇದನ್ನೇ ಹೇಳುತ್ತೇನೆ.

ಶಂಖಪ್ರಕ್ಷಾಲನ ಅಂದರೆ ಉಪ್ಪುನೀರು ಕುಡಿದು ಕರುಳು ತೊಳೆಯುವ ಯೋಗಕ್ರಿಯೆ. ಇದರಲ್ಲಿ ಉಗುರುಬೆಚ್ಚಗಿನ ಉಪ್ಪುನೀರು ಎರಡು ಲೋಟ ಕುಡಿದು, ತಾಡಾಸನದಿಂದ ಉದರಾಕರ್ಷಣಾಸನದವರೆಗೆ ಐದು ಆಸನ ಮಾಡಬೇಕು. ಮತ್ತೆ ಎರಡು ಲೋಟ, ಮತ್ತೆ ಆಸನ. ಹೊರಗೆ ತಿಳಿನೀರು ಬರುವ ತನಕ ಹೀಗೇ. 16 ಲೋಟ ದಾಟುವುದೂ ಉಂಟು. ಬರೀ ನೀರಾದರೆ ಮೈ ಹೀರಿಕೊಳ್ಳುತ್ತೆ, ಕೆಳಗೆ ಇಳಿಯಲಿ ಅಂತಲೇ ಉಪ್ಪು ಹಾಕುವುದು. ಆದರೂ ಒಂದಷ್ಟು ಉಪ್ಪು ರಕ್ತಕ್ಕೆ ಸೇರಿಯೇ ಸೇರುತ್ತೆ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಅದೇ ಅಪಾಯ. ಹರ್ನಿಯಾ, ಹೊಟ್ಟೆ ಹುಣ್ಣು ಇದ್ದವರಿಗೂ, ಬಸುರಿಯರಿಗೂ ಇದು ಸಲ್ಲದು. ನಮ್ಮ ಕಡೆಯ ಬಿರುಬೇಸಿಗೆಯಲ್ಲಂತೂ ಗಟ್ಟಿಮುಟ್ಟಾದವರಿಗೂ ನಾನು ಮಾಡಿಸುವುದಿಲ್ಲ. ಬಿಸಿಲಿಗೇ ಮೈನೀರು ಬತ್ತಿರುತ್ತೆ, ಅಲ್ವಾ?

ಇನ್ನು ಕೊಳೆ ಅಂಟಿರುತ್ತೆ ಅನ್ನೋದು ಸುಳ್ಳು. ಕರುಳಿನ ಒಳಪದರ ಕೆಲವೇ ದಿನಕ್ಕೊಮ್ಮೆ ತಾನೇ ಹೊಸದಾಗುತ್ತೆ. ಸ್ವಾತ್ಮಾರಾಮರ ‘ಹಠಯೋಗ ಪ್ರದೀಪಿಕೆ’ ಅನ್ನೋ ಹಳೆಯ ಯೋಗ ಗ್ರಂಥದಲ್ಲಿ ಬಸ್ತಿ, ಧೌತಿ (ಹೊಟ್ಟೆ ಶುದ್ಧಿ), ನೇತಿ (ಮೂಗಿನ ಶುದ್ಧಿ) ಸೇರಿ ಆರು ಶುದ್ಧಿಕ್ರಿಯೆಗಳಿವೆ. ಅಲ್ಲೂ ಇವು ಬೊಜ್ಜು, ಕಫ ಜಾಸ್ತಿ ಇದ್ದವರಿಗೆ, ಉಳಿದವರಿಗೆ ಬೇಡ ಅಂತಲೇ ಇದೆ. ಹೊಕ್ಕುಳ ಮಟ್ಟದ ನೀರಲ್ಲಿ ಕೂತು ಗುದದ್ವಾರದಿಂದ ನೀರು ಎಳೆದುಕೊಳ್ಳುವುದು ಬಸ್ತಿ. ಅದನ್ನು ಹೊಳೆಯಲ್ಲೋ ಕಾಲುವೆಯಲ್ಲೋ ಮಾಡಲು ಹೋಗಬೇಡಿ. ಈಗಿನ ನೀರು ಅಷ್ಟು ಚೊಕ್ಕ ಇಲ್ಲ.

ಮೊದಲು ಡಾಕ್ಟರ್ ಹತ್ತಿರ ಹೋಗಿ. ಕೆಲವು ಬಿಪಿ ಮಾತ್ರೆಗಳಿಂದಲೇ ಮಲ ಗಟ್ಟಿಯಾಗುತ್ತೆ. ನಿಮ್ಮ ವಯಸ್ಸಿನಲ್ಲಿ ಹೊಸದಾಗಿ ಶುರುವಾದ ಮಲಬದ್ಧತೆಯನ್ನು ತೋರಿಸಲೇಬೇಕು. ರಕ್ತ ಬಿದ್ದರೆ, ತೂಕ ಇಳಿದರೆ ಒಂದು ದಿನವೂ ತಡ ಬೇಡ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ದಿನಾ ವಗ್ಗರಣಿ-ಮಿರ್ಚಿ ತಿಂದು ಗಿರಣಿಗೆ ಓಡುತ್ತೀರಾ? ಹಾಗಿದ್ದರೆ ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳಿಗೆ ಬನ್ನಿ. ಊಟ ಆದಮೇಲೆ ಹತ್ತು ನಿಮಿಷ ನಡೆಯಿರಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಉಸಿರು ಬಿಗಿಹಿಡಿಯದೆ ಪವನಮುಕ್ತಾಸನ (ಅಂಗಾತ ಮಲಗಿ ಮೊಣಕಾಲನ್ನು ಹೊಟ್ಟೆಗೆ ಒತ್ತಿ ಹಿಡಿಯುವುದು) ಮಾಡಿ. ಶೌಚಕ್ಕೆ ಕೂತಾಗ ತಿಣುಕಬೇಡಿ, ಬಿಪಿ ಏರುತ್ತೆ. ಕಮೋಡ್ ಇದ್ದರೆ ಕಾಲ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ.